ಅಮೆರಿಕದಲ್ಲಿ ವಲಸಿಗರ ಸ್ಥಳಾಂತರ ಮತ್ತು ನಗರಗಳ ವಸತಿಹೀನತೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಗಡಿಯನ್ನು ದಾಟಿ ಬಂದ ವಲಸಿಗರನ್ನು ಟೆಕ್ಸಸ್ ರಾಜ್ಯ ಸರ್ಕಾರವು 2022ರ ಏಪ್ರಿಲ್‌ನಿಂದ ಬಸ್ಸುಗಳ ಮೂಲಕ ಇತರ ನಗರಗಳಿಗೆ ಕಳುಹಿಸತೊಡಗಿತು. ಈ ಕ್ರಮವು ಆ ನಗರಗಳ ನಿರ್ವಸತಿಕರ ಆಶ್ರಯ ವ್ಯವಸ್ಥೆಯ ಮೇಲೆ ಗಣನೀಯ ಪರಿಣಾಮ ಬೀರಿತು.

ಹಿನ್ನೆಲೆ

ಗಡಿ ಪಟ್ಟಣಗಳ ಹೊರೆಯನ್ನು ತಗ್ಗಿಸುವುದು ಈ ಕ್ರಮದ ಉದ್ದೇಶವೆಂದು ಗವರ್ನರ್ ಗ್ರೆಗ್ ಅಬಾಟ್ ಹೇಳಿದರು. ಮೊದಲ ಬಸ್ಸುಗಳು ವಾಷಿಂಗ್ಟನ್ ನಗರಕ್ಕೆ ಹೋದವು. ಅದೇ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಮತ್ತು ಚಿಕಾಗೊ, 2023ರಲ್ಲಿ ಡೆನ್ವರ್ ನಗರಗಳು ಪಟ್ಟಿಗೆ ಸೇರಿದವು. ಸ್ವಂತ ಖರ್ಚಿನಲ್ಲಿ ಅಥವಾ ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ಈ ನಗರಗಳನ್ನು ತಲುಪಿದವರೂ ಬಹಳಷ್ಟಿದ್ದರು.

ನಗರಗಳ ಮೇಲಿನ ಪರಿಣಾಮ

1981ರ ನ್ಯಾಯಾಲಯದ ಒಪ್ಪಂದವೊಂದರಿಂದಾಗಿ, ಆಶ್ರಯ ಕೇಳಿದವರಿಗೆ ಅದನ್ನು ಒದಗಿಸುವ ಹೊಣೆ ನ್ಯೂಯಾರ್ಕ್ ನಗರಾಡಳಿತದ ಮೇಲಿದೆ. ಇದರಿಂದಾಗಿ ಹೋಟೆಲುಗಳನ್ನೂ ಡೇರೆಗಳನ್ನೂ ವಸತಿಗೆ ಬಳಸಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಮೇಯರ್ ಎರಿಕ್ ಆಡಮ್ಸ್ ತುರ್ತುಪರಿಸ್ಥಿತಿ ಘೋಷಿಸಿದರು. ಮುಂದೆ ಆಶ್ರಯದ ಅವಧಿಯನ್ನು ಒಂಟಿ ವಯಸ್ಕರಿಗೆ 30 ದಿನ, ಅನೇಕ ಕುಟುಂಬಗಳಿಗೆ 60 ದಿನ ಎಂದು ಮಿತಿಗೊಳಿಸಲಾಯಿತು. ಅವಧಿ ಮುಗಿದವರು ಮತ್ತೆ ಅರ್ಜಿ ಸಲ್ಲಿಸಬೇಕಾಗಿತ್ತು. ಚಿಕಾಗೊದಲ್ಲಿ 2023ರಲ್ಲಿ ಅನೇಕ ಕುಟುಂಬಗಳು ಪೊಲೀಸ್ ಠಾಣೆಗಳ ನೆಲದ ಮೇಲೂ ಓಹೇರ್ ವಿಮಾನ ನಿಲ್ದಾಣದಲ್ಲೂ ರಾತ್ರಿ ಕಳೆದವು.

ಅಂಕಿಅಂಶಗಳು

2024ರ ಜನವರಿಯ ಗಣತಿಯಲ್ಲಿ ದೇಶದ ವಸತಿಹೀನರ ಸಂಖ್ಯೆ 7,71,480 ಆಗಿದ್ದು, ಹಿಂದಿನ ವರ್ಷಕ್ಕಿಂತ ಶೇ. 18ರಷ್ಟು ಹೆಚ್ಚಿತ್ತು. ವಲಸೆಯಿಂದ ಬಾಧಿತವೆಂದು ವರದಿ ಮಾಡಿದ 13 ಪ್ರದೇಶಗಳಲ್ಲಿ ವಸತಿಹೀನ ಕುಟುಂಬದವರ ಸಂಖ್ಯೆ ದುಪ್ಪಟ್ಟು ಮೀರಿತು. ಉಳಿದ 373 ಪ್ರದೇಶಗಳಲ್ಲಿ ಏರಿಕೆ ಶೇ. 8ಕ್ಕಿಂತ ಕಡಿಮೆ. ಈ ಗಣತಿಯು ತಾತ್ಕಾಲಿಕ ಆಶ್ರಯದಲ್ಲಿರುವವರನ್ನೂ ವಸತಿಹೀನರೆಂದೇ ಲೆಕ್ಕಿಸುತ್ತದೆ. ಆದುದರಿಂದ ಸಂಖ್ಯೆಯ ಏರಿಕೆಯನ್ನು ಬೀದಿಯಲ್ಲಿ ಮಲಗುವವರ ಏರಿಕೆಯೆಂದು ಮಾತ್ರ ಅರ್ಥೈಸಲಾಗದು.

ಕಾರಣಗಳು ಮತ್ತು ಪರ್ಯಾಯ ಕ್ರಮ

ರಾಜಾಶ್ರಯ ಕೋರಿದವರು ಅರ್ಜಿ ಸಲ್ಲಿಸಿ 180 ದಿನಗಳು ಕಳೆಯುವವರೆಗೆ ಆ ಅರ್ಜಿಯ ಆಧಾರದ ಮೇಲೆ ಉದ್ಯೋಗ ಪರವಾನಗಿ ಪಡೆಯುವಂತಿಲ್ಲ. ದುಡಿಮೆಯಿಲ್ಲದೆ ಬಾಡಿಗೆ ಕಟ್ಟಲಾಗದ ಕಾರಣ ಆಶ್ರಯ ತಾಣದ ವಾಸ ದೀರ್ಘವಾಗುತ್ತದೆ. ಮೊದಲೇ ದುಬಾರಿಯಾಗಿದ್ದ ಮನೆ ಬಾಡಿಗೆಯು ಸ್ಥಳೀಯ ನಿರ್ವಸತಿಕರಿಗೂ ಅಡ್ಡಿಯಾಗಿತ್ತು. ಹೀಗಾಗಿ ಸೀಮಿತ ಸೌಲಭ್ಯಗಳಿಗಾಗಿ ಎರಡೂ ಗುಂಪುಗಳ ನಡುವೆ ಪೈಪೋಟಿ ಉಂಟಾಯಿತು. 2024ರಲ್ಲಿ ಡೆನ್ವರ್ ನಗರವು ಸುಮಾರು 800 ಮಂದಿಗೆ ಆರು ತಿಂಗಳವರೆಗಿನ ವಸತಿ ನೆರವು ಮತ್ತು ಉದ್ಯೋಗ ತರಬೇತಿ ನೀಡುವ ಯೋಜನೆಯನ್ನು ಆರಂಭಿಸಿ, ಪರವಾನಗಿ ದೊರೆಯುವವರೆಗಿನ ಅಂತರವನ್ನು ತುಂಬಲು ಯತ್ನಿಸಿತು.