ಸುಪೆಯ ಸಂತೆ, ಕಣಗಿನಹಾಳದ ಸಂಘ, ನನ್ನ ಎಜುಕೇಶನ್ ಲೋನ್

ಇವತ್ತಿನ ಮಾತು ಸಾಲದ ಬಗ್ಗೆ. ಕಾಲೇಜು ಮುಗಿಸಿ, ಕಡಿಮೆ ಸಂಬಳದ ಮೊದಲ ಕೆಲಸ ಹಿಡಿದು, ತಲೆಮೇಲೆ ಎಜುಕೇಶನ್ ಲೋನ್ ಹೊತ್ತುಕೊಂಡು ಪುಣೆಗೋ ಹೈದರಾಬಾದಿಗೋ ಬಂದವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಸಂಬಳ ಎಷ್ಟು ಅಂತ ಕೇಳಿದರೆ ಹೇಳ್ತೀವಿ. ಸಾಲ ಎಷ್ಟು ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ. ಹಾಗಾಗಿ ಮೊದಲು ನನ್ನ ಲೆಕ್ಕವನ್ನೇ ಮುಂದೆ ಇಡ್ತೀನಿ. ಆಮೇಲೆ ಇತಿಹಾಸಕ್ಕೆ ಹೋಗೋಣ.

ನಮ್ಮದು ಗದಗ ಕಡೆ ಊರು. ಅಪ್ಪನಿಗೆ ನಾಲ್ಕು ಎಕರೆ ಒಣಬೇಸಾಯದ ಹೊಲ. ಬಿಇ ಹೇಗೋ ಮುಗೀತು. ಎಂಟೆಕ್‌ಗೆ ಗೇಟ್ ಸ್ಕೋರ್ ಸಾಲದೆ ಸ್ಟೈಪೆಂಡ್ ಇಲ್ಲದ ಸೀಟು ಸಿಕ್ಕಿತು. 2011 ಮತ್ತು 2012ರಲ್ಲಿ ಎರಡು ಕಂತಿನಲ್ಲಿ 4 ಲಕ್ಷ ಸಾಲ ಎತ್ತಿದೆ. 4 ಲಕ್ಷದವರೆಗೆ ಅಡಮಾನ ಬೇಕಿರಲಿಲ್ಲ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘ ಮಾಡಿದ ಮಾದರಿ ಯೋಜನೆಯ ನಿಯಮ ಅದು. ಕೋರ್ಸ್ ಮುಗಿದು ಒಂದು ವರ್ಷ, ಅಥವಾ ಕೆಲಸ ಸಿಕ್ಕು ಆರು ತಿಂಗಳು, ಯಾವುದು ಮೊದಲೋ ಅಲ್ಲಿಂದ ಕಂತು ಶುರು. 2013ರ ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ಕೆಲಸ ಸಿಕ್ಕಿತು. ಮಾರ್ಚ್ 2014ಕ್ಕೆ ಬ್ಯಾಂಕಿನ ಚೀಟಿ ಬಂದಾಗ, ಓದುವ ಕಾಲದ ಬಡ್ಡಿಯೂ ಸೇರಿ ಸಾಲ 5 ಲಕ್ಷ ಆಗಿತ್ತು. ಬಡ್ಡಿ ಶೇ. 12.5, ಅವಧಿ ಏಳು ವರ್ಷ, ತಿಂಗಳ ಕಂತು 8,961 ರೂಪಾಯಿ.

ಕೈಗೆ ಬರುತ್ತಿದ್ದ ಸಂಬಳ 18,500. ಕಂತು ಹೋದರೆ 9,539. ರೂಮಿಗೆ 3,000, ಮೆಸ್ಸಿಗೆ 2,200, ಬಸ್ಸು-ಮೊಬೈಲಿಗೆ 1,000, ಊರಿಗೆ 1,000. ಉಳಿಯೋದು 2,339. ಅದರ ಜೊತೆ ಕ್ರೆಡಿಟ್ ಕಾರ್ಡಿನಲ್ಲಿ 40,000 ಬಾಕಿ ಇತ್ತು. ಅವ್ವನ ಆಸ್ಪತ್ರೆ ಖರ್ಚು, ರೂಮಿನ ಡಿಪಾಸಿಟ್, ಮತ್ತೆ ಸುಳ್ಳು ಯಾಕೆ ಹೇಳಲಿ, ಒಂದು ಮೊಬೈಲ್. ಅದಕ್ಕೆ 'ಮಿನಿಮಮ್ ಡ್ಯೂ' 2,000 ಕಟ್ಟುತ್ತಿದ್ದೆ. ತಿಂಗಳ ಕೊನೆಗೆ ಉಳಿತಾ ಇದ್ದದ್ದು 339 ರೂಪಾಯಿ. ಎರಡು ವರ್ಷ ಕಂಪನಿ ಬಿಡುವಂತಿಲ್ಲ ಅಂತ ಬಾಂಡ್ ಬೇರೆ ಬರೆದುಕೊಟ್ಟಿದ್ದೆ.

ಈ 'ಬಾಂಡ್' ಅನ್ನೋ ಪದವೇ ನನ್ನನ್ನ ಇತಿಹಾಸಕ್ಕೆ ಎಳೆದದ್ದು.

ಒಂದು ಭಾನುವಾರ ರೂಮ್‌ಮೇಟ್ ಬೈಕಿನಲ್ಲಿ ಸಾಸವಡ, ಜೇಜುರಿ ದಾಟಿ ಮೋರಗಾಂವ್ ಗಣಪತಿಗೆ ಹೋಗಿದ್ವಿ. ಅಲ್ಲಿಂದ ಸ್ವಲ್ಪ ಮುಂದೆ ಸುಪೆ ಅನ್ನೋ ಊರಲ್ಲಿ ಚಹಾಕ್ಕೆ ನಿಂತ್ವಿ. ಸಾದಾ ಊರು. ಹೆಸರು ಎಲ್ಲೋ ಓದಿದ ಹಾಗಿದೆ ಅನ್ನಿಸಿತು. ರೂಮಿಗೆ ಬಂದು ಹುಡುಕಿದರೆ ಅದೇ ಊರು: ಶಾಲೆಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿದ್ದ 'ದಖ್ಖನ್ ದಂಗೆ' ಶುರುವಾದ ಜಾಗ.

1875ರ ಮೇ 12. ಸುಪೆಯಲ್ಲಿ ಸಂತೆಯ ದಿನ. ಸುತ್ತಲಿನ ಹಳ್ಳಿಗಳ ರೈತರು ಸೇರಿ ಸಾಹುಕಾರರ ಮನೆ-ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಕೇಳಿದ್ದು ಕಾಗದ: ಸಾಲಪತ್ರ, ಖಾತೆ ಪುಸ್ತಕ. ಕೊಟ್ಟ ಕಡೆ ಅದನ್ನ ಸುಟ್ಟು ಮುಂದೆ ಹೋದರು. ಕೊಡದ ಕಡೆ ಹೊಡೆದಾಟ ಆಯಿತು, ಕೆಲವು ಮನೆಗಳಿಗೂ ಬೆಂಕಿ ಬಿತ್ತು. ದಂಗೆ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಪೊಲೀಸರು, ಸೈನ್ಯ ಬಂದರು, ನೂರಾರು ಜನರ ಬಂಧನ ಆಯಿತು.

ಕಾಗದದ ಮೇಲೆ ಯಾಕಿಷ್ಟು ಸಿಟ್ಟು? ಹಿನ್ನೆಲೆ ಸ್ವಲ್ಪ ಹೇಳಲೇಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಮುಂಬೈ ಪ್ರಾಂತ್ಯದ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಧಾರವಾಡ ಸೀಮೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಸಾಹುಕಾರರು ಕೇಳಿದಷ್ಟು ಸಾಲ ಕೊಟ್ಟರು. 1865ಕ್ಕೆ ಯುದ್ಧ ಮುಗಿಯಿತು, ಬೆಲೆ ಬಿತ್ತು, ಹೊಸ ಸಾಲ ನಿಂತಿತು. ಅದೇ ಹೊತ್ತಿಗೆ, 1867ರಲ್ಲಿ, ಭೂಕಂದಾಯ ಪರಿಷ್ಕರಣೆ ಆಗಿ ಹಲವು ಕಡೆ ಶೇ. 50ರಿಂದ 100ರಷ್ಟು ಏರಿತು. ಬೆಳೆ ಬರಲಿ ಬಿಡಲಿ, ಸರಕಾರಕ್ಕೆ ಗಡುವಿಗೆ ನಗದು ಕಟ್ಟಲೇಬೇಕು.

ಇನ್ನು ಕಾನೂನಿನ ಕಥೆ ಕೇಳಿ. 1859ರ ಕಾಲಮಿತಿ ಕಾಯ್ದೆ ಪ್ರಕಾರ ಸಾಲಪತ್ರಕ್ಕೆ ಮೂರೇ ವರ್ಷ ಆಯುಷ್ಯ. ಬಡ್ಡಿ ವರ್ಷಾನುಗಟ್ಟಲೆ ಬೆಳೆಯಬಾರದು ಅಂತ ರೈತನ ಒಳ್ಳೆಯದಕ್ಕೇ ಮಾಡಿದ್ದು. ಆದರೆ ನಡೆದದ್ದು ಉಲ್ಟಾ. ಮೂರು ವರ್ಷ ಮುಗಿಯುತ್ತಲೇ ಸಾಹುಕಾರ ಹೊಸ ಪತ್ರ ಬರೆಸುತ್ತಿದ್ದ. ಹಳೆಯ ಅಸಲು ಮತ್ತು ಹಳೆಯ ಬಡ್ಡಿ ಕೂಡಿ ಹೊಸ ಅಸಲು. ಅದರ ಮೇಲೆ ಮತ್ತೆ ಬಡ್ಡಿ. ಬಡ್ಡಿ ಅಸಲನ್ನ ಮೀರಬಾರದು ಅನ್ನೋ 'ದಾಮದುಪ್ಪಟ' ಪದ್ಧತಿ ಮೊದಲು ಇತ್ತು. ಬಡ್ಡಿಯನ್ನೇ ಅಸಲು ಅಂತ ಬರೆದುಬಿಟ್ಟರೆ ಆ ಕಟ್ಟಳೆ ಏನು ಮಾಡೀತು? ಪತ್ರದಲ್ಲಿ ಏನು ಬರೆದಿದೆ ಅಂತ ಹೆಬ್ಬೆಟ್ಟು ಒತ್ತುವವನಿಗೆ ಗೊತ್ತಿಲ್ಲ. ಕಟ್ಟಿದ್ದಕ್ಕೆ ರಸೀದಿ ಇಲ್ಲ. ನೂರು ರೂಪಾಯಿ ಸಾಲಕ್ಕೆ ಎರಡು ಸಾವಿರದ ಮೇಲೆ ಬಡ್ಡಿ ಹಾಕಿದ ಪ್ರಕರಣವನ್ನ ಸರಕಾರದ ವಿಚಾರಣಾ ಆಯೋಗವೇ ದಾಖಲಿಸಿದೆ.

ಇಲ್ಲಿ ಒಂದು ಮಾತು. ಸಾಹುಕಾರರು ಹೆಚ್ಚಾಗಿ ಮಾರವಾಡಿ, ಗುಜರಾತಿ ಮೂಲದವರು, ಅಂದರೆ ನಮ್ಮ ಹಾಗೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಇದನ್ನ ಒಂದು ಜಾತಿಯ ಕೆಟ್ಟತನ ಅಂತ ಓದಿದರೆ ತಪ್ಪಾಗುತ್ತೆ. ಕಂದಾಯ, ಕೋರ್ಟು, ಕಾನೂನು ಮೂರೂ ಸೇರಿ ಲೆಕ್ಕದ ಪುಸ್ತಕವನ್ನ ಒಬ್ಬನ ಕೈಗೇ ಕೊಟ್ಟಿದ್ದವು.

ಇದನ್ನ ಓದಿ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದೆ. ನಾನು ಹೆಬ್ಬೆಟ್ಟಲ್ಲ, ಎಂಟೆಕ್. ಆದರೂ ಅಲ್ಲಿಯವರೆಗೆ ಅದನ್ನ ಪೂರ್ತಿ ಓದಿರಲಿಲ್ಲ. ತಿಂಗಳಿಗೆ ಶೇ. 3.5 ಬಡ್ಡಿ. 40,000ಕ್ಕೆ 2,000 ಕಟ್ಟಿದರೆ ಉಳಿದ 38,000ಕ್ಕೆ ಬಡ್ಡಿ 1,330. ಅಂದರೆ ನನ್ನ 2,000ದಲ್ಲಿ ಸಾಲ ಇಳಿದದ್ದು 670, ತೆರಿಗೆ ಬಿಟ್ಟು. ಬರೀ ಮಿನಿಮಮ್ ಡ್ಯೂ ಕಟ್ಟುತ್ತಾ ಹೋದರೆ ಸಾಲ ಅರ್ಧ ಆಗಲಿಕ್ಕೇ ಮೂರೂವರೆ ವರ್ಷ! ಸುಪೆಯ ರೈತ ಮೂರು ವರ್ಷಕ್ಕೊಮ್ಮೆ ಪತ್ರ ಹೊಸದು ಮಾಡಿದರೆ ನಾನು ತಿಂಗಳಿಗೊಮ್ಮೆ ಮಾಡ್ತಾ ಇದ್ದೆ. ಅದೂ ಸಂತೋಷದಿಂದ, 'ಪೇಮೆಂಟ್ ರಿಸೀವ್ಡ್' ಮೆಸೇಜ್ ನೋಡಿಕೊಂಡು.

ಆಯೋಗದ ವರದಿ 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂತು. ಅದರಲ್ಲಿ ನನಗೆ ಬಹಳ ನಾಟಿದ ವಿಷಯ ಒಂದಿದೆ. ರೈತ ಮದುವೆ-ಹಬ್ಬಕ್ಕೆ ದುಂದು ಮಾಡಿ ಸಾಲಗಾರ ಆಗ್ತಾನೆ ಅನ್ನೋದು ಆಗಿನ ಸಾಮಾನ್ಯ ಅಭಿಪ್ರಾಯ. ಆಯೋಗ ಲೆಕ್ಕ ತೆಗೆದು ನೋಡಿ, ಆ ಕಾರಣಕ್ಕೆ ಅತಿಯಾದ ಮಹತ್ವ ಕೊಡಲಾಗಿದೆ ಅಂತ ಹೇಳಿತು. ಇವತ್ತು ನಮಗೆ ಹೇಳೋದೂ ಅದೇ ತಾನೆ? ಕಾಫಿ ಬಿಡಿ, ಪಿಕ್ಚರ್ ಬಿಡಿ, ಸಾಲ ತೀರುತ್ತೆ. ನಾನು ಕಾಫಿ ಬಿಟ್ಟು ನೋಡಿದೆ. 339 ಹೋಗಿ 600 ಆಯಿತು, ಅಷ್ಟೇ. ಮಿತವ್ಯಯ ಬೇಡ ಅಂತಲ್ಲ. ಆದರೆ ತೂತು ಎಲ್ಲಿದೆ ಅಂತ ನೋಡದೆ ಬರೀ ನೀರು ಕಡಿಮೆ ಕುಡಿದರೆ ಕೊಡ ತುಂಬಲ್ಲ.

1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗೆ. ಕೋರ್ಟು ಪತ್ರದ ಹಿಂದೆ ಹೋಗಿ ಲೆಕ್ಕವನ್ನ ಮೊದಲಿನಿಂದ ಬಿಚ್ಚಿ ನೋಡಬಹುದು, ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬೇರೆ ಮಾಡಬಹುದು, ಕಂತು ಕಟ್ಟಿಕೊಡಬಹುದು. ಸಾಲಕ್ಕಾಗಿ ರೈತನನ್ನ ಜೈಲಿಗೆ ಹಾಕುವಂತಿಲ್ಲ. ಕಟ್ಟಿದ್ದಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಕೇಳಿದರೆ ಪಾಸ್‌ಬುಕ್. ಸುಟ್ಟ ಕಾಗದಕ್ಕೆ ಉತ್ತರವಾಗಿ ರೈತನ ಕೈಗೆ ಅವನದೇ ಕಾಗದ ಬಂತು. ಆದರೆ ಕಾನೂನಿಗೆ ಒಂದು ಮಿತಿ ಇತ್ತು. ಹಳೆಯ ಸಾಲಕ್ಕೆ ನ್ಯಾಯ ಕೊಟ್ಟರೂ ಮುಂದಿನ ಬಿತ್ತನೆಗೆ ದುಡ್ಡು ಕೊಡಲಿಲ್ಲ. ಸಾಹುಕಾರ ಕೈ ಬಿಗಿ ಹಿಡಿದ, ಇಲ್ಲವೇ ಸಾಲದ ಬದಲು ಹೊಲದ ಮಾರಾಟಪತ್ರವನ್ನೇ ಬರೆಸಿಕೊಂಡ.

ಅದಕ್ಕೆ ಉತ್ತರ ಹುಟ್ಟಿದ್ದು ನಮ್ಮ ಕಡೆ. ಜರ್ಮನಿಯಲ್ಲಿ ರೈಫೈಸನ್ ಅನ್ನೋರು 1860ರ ದಶಕದಲ್ಲಿ ಹಳ್ಳಿಯ ಪತ್ತಿನ ಸಂಘಗಳನ್ನ ಕಟ್ಟಿದ್ದರು. ಆ ಮಾದರಿ ನೋಡಿ ಇಲ್ಲಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಆಯಿತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಶುರು ಮಾಡಿದರು. ದೇಶದಲ್ಲೇ ಮೊದಲನೆಯದು ಅಂತ ಅದನ್ನ ಗುರುತಿಸ್ತಾರೆ. ಆ ಕಾಯ್ದೆಯಡಿ ಹಳ್ಳಿಯ ಸಂಘದ ಸದಸ್ಯರ ಹೊಣೆಗೆ ಮಿತಿ ಇಲ್ಲ. ಒಬ್ಬ ಕೈ ಎತ್ತಿದರೆ ಎಲ್ಲರೂ ಹೊರಬೇಕು. ಹಾಗಾಗಿ ಯಾರಿಗೆ ಎಷ್ಟು, ಯಾತಕ್ಕೆ ಅನ್ನೋದನ್ನ ಎಲ್ಲರೂ ನೋಡಿಕೊಳ್ಳಲೇಬೇಕು. ಲೆಕ್ಕದ ಪುಸ್ತಕ ಒಬ್ಬನ ಕೈಯಿಂದ ಊರ ಕೈಗೆ ಬಂತು. ಮನೆಯಿಂದ ಹೆಚ್ಚು ದೂರವಿಲ್ಲದ ಆ ಊರಿನ ಬೋರ್ಡ್ ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೆ. ಇಳಿದಿರಲಿಲ್ಲ.

ಅದೇ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಸಿಕ್ಕಿತು. 1909ರಲ್ಲಿ ಅಚ್ಚಾಯಿತು. ಅದರಲ್ಲಿ ಸಾಲದ ಬಗ್ಗೆ ಒಂದು ಅಧ್ಯಾಯವೇ ಇದೆ. ನೂರಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ, ಅಂದರೆ ವರ್ಷಕ್ಕೆ ಶೇ. 15. ಇನ್ನೊಂದು ನಿಯಮ ಇದೆ: ಗುರುವಿನ ಬಳಿ ಓದುತ್ತಾ ಇರುವವನ, ರೋಗಿಯ, ಬಾಲಕನ, ತೀರಾ ಬಡವನ ಸಾಲಕ್ಕೆ ಬಡ್ಡಿ ಬೆಳೆಯಬಾರದು. ಇದನ್ನ ಓದಿದಾಗ ನನ್ನ 4 ಲಕ್ಷ 5 ಲಕ್ಷ ಆದದ್ದು ನೆನಪಾಯಿತು. ಹಾಗಂತ ನಮ್ಮ ಕಾಲದಲ್ಲಿ ಆ ವಿಚಾರ ಇಲ್ಲವೇ ಇಲ್ಲ ಅಂತಲ್ಲ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ ತಾಂತ್ರಿಕ, ವೃತ್ತಿಪರ ಕೋರ್ಸ್ ಓದುವ ಕಾಲದ ಬಡ್ಡಿಯನ್ನ ಕೇಂದ್ರ ಸರಕಾರವೇ ಕಟ್ಟುವ ಯೋಜನೆ 2009ರಿಂದ ಇತ್ತು. ನಮ್ಮಪ್ಪನ ಆದಾಯ ಅದರ ಹತ್ತಿರಕ್ಕೂ ಇರಲಿಲ್ಲ. ಒಂದು ಆದಾಯ ಪ್ರಮಾಣಪತ್ರ ಕೊಡಬೇಕಿತ್ತು. ಬ್ಯಾಂಕಿನವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಪ್ರಶ್ನೆ ಕೇಳದ ಬೆಲೆ ಲಕ್ಷ ರೂಪಾಯಿ.

ಸರಿ, ಹೊರಗೆ ಬಂದದ್ದು ಹೇಗೆ? ಮೊದಲು ರೂಮಿನಲ್ಲಿ ಬಾಯಿಬಿಟ್ಟೆ. ಕಾರ್ಡಿನ ಸಾಲ ಅಪ್ಪನಿಗೂ ಹೇಳಿರಲಿಲ್ಲ, ಆ ರಾತ್ರಿ ಇಬ್ಬರು ಗೆಳೆಯರಿಗೆ ಹೇಳಿದೆ. ಒಬ್ಬ ಬಾಗಲಕೋಟೆ ಕಡೆಯವನು, ಇನ್ನೊಬ್ಬ ಹಾಸನದವನು. ನಕ್ಕರು, ಬೈದರು. ಆಮೇಲೆ ತಲಾ 20,000 ಹಾಕಿ ಕಾರ್ಡಿನ ಬಾಕಿ ಒಂದೇ ಏಟಿಗೆ ಮುಗಿಸಿದರು. ಬಡ್ಡಿ ಇಲ್ಲ. ನಾನು ಅದೇ 2,000ವನ್ನ ಬ್ಯಾಂಕಿನ ಬದಲು ಅವರಿಗೆ ಕೊಡಬೇಕು. ಒಂದು ನೋಟ್‌ಬುಕ್ ಅಡುಗೆಮನೆಯ ಮೊಳೆಗೆ ನೇತುಹಾಕಿದ್ವಿ, ಯಾರು ಬೇಕಾದರೂ ತೆಗೆದು ನೋಡಲಿ ಅಂತ. 2014ರ ಜುಲೈಯಲ್ಲಿ ಶುರು, 2016ರ ಫೆಬ್ರವರಿಗೆ ಮುಗೀತು. ಅದೇ ದುಡ್ಡು, ಇಪ್ಪತ್ತೇ ತಿಂಗಳು. ಮುಂದೆ ಹಾಸನದವನ ತಂಗಿ ಮದುವೆಗೆ ನಾವಿಬ್ಬರು ಅದೇ ಪುಸ್ತಕದಲ್ಲಿ ಬರೆದು ಕೊಟ್ವಿ.

ಆಮೇಲೆ ದೊಡ್ಡ ಸಾಲದ ಲೆಕ್ಕ ತೆಗೆಸಿದೆ. ಎರಡು ವರ್ಷದಲ್ಲಿ ಕಟ್ಟಿದ್ದು 2,15,000. ಅಸಲು ಇಳಿದದ್ದು ಸುಮಾರು 1,02,000. ಬಾಕಿ ಇನ್ನೂ 3,98,000. ಅಂದರೆ ನಾನು ಮೊದಲು ಎತ್ತಿದ ಸಾಲದಷ್ಟೇ! ಹೊಟ್ಟೆ ಉರಿಯಿತು. ಆದರೆ ಬಡ್ಡಿ ಬಾಕಿಯ ಮೇಲೆ ಬೀಳುತ್ತೆ, ಮೊದಲೇ ಹೆಚ್ಚು ಕಟ್ಟಿದ ರೂಪಾಯಿ ನೇರ ಅಸಲಿಗೆ ಹೋಗುತ್ತೆ ಅನ್ನೋದು ಆಗ ತಿಳಿಯಿತು. ಕಂಪನಿಯ ಬಾಂಡ್ ಮುಗಿದಿತ್ತು. ಮಾರ್ಚ್ 2016ಕ್ಕೆ ಹೊಸ ಕೆಲಸ ಸಿಕ್ಕಿ ಸಂಬಳ ಏರಿತು. ರೂಮು, ಮೆಸ್ಸು ಬದಲಾಯಿಸದೆ ತಿಂಗಳಿಗೆ 20,000 ಕಟ್ಟಿದೆ. ನನ್ನ ಸಾಲಕ್ಕೆ ಮುಂಗಡ ಕಟ್ಟಿದರೆ ದಂಡ ಇರಲಿಲ್ಲ. ಫೆಬ್ರವರಿ 2021ಕ್ಕೆ ಮುಗಿಯಬೇಕಾದ ಸಾಲ ಜನವರಿ 2018ಕ್ಕೇ ಮುಗೀತು. ಉಳಿದ ಬಡ್ಡಿ ಸುಮಾರು 89,000.

ಇದನ್ನ ನನ್ನ ಜಾಣತನ ಅಂತ ಹೇಳಿಕೊಳ್ಳಲ್ಲ. ಸಂಬಳ ಏರದಿದ್ದರೆ ಏಳು ವರ್ಷವೂ ಕಟ್ಟಬೇಕಿತ್ತು. ಗೆಳೆಯರ ಹತ್ತಿರ 20,000 ಇತ್ತು ಅನ್ನೋದು ನನ್ನ ಅದೃಷ್ಟ. ಎಲ್ಲರಿಗೂ ಅದು ಇರಲ್ಲ. ಆದರೆ ಎರಡು ಕೆಲಸ ಎಂಥ ಸಂಬಳದಲ್ಲೂ ಮಾಡಬಹುದು. ಮೊದಲನೆಯದು, ಇವತ್ತೇ ಸ್ಟೇಟ್‌ಮೆಂಟ್ ತೆಗೆದು ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬೇರೆ ಬೇರೆ ಬರೆಯಿರಿ, ಹೆಚ್ಚು ಬಡ್ಡಿಯದ್ದನ್ನ ಮೊದಲು ಮುಗಿಸಿ. ಎಜುಕೇಶನ್ ಲೋನ್ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎರಡನೆಯದು, ನಂಬುವ ಒಬ್ಬರಿಗಾದರೂ ಸಾಲದ ಮೊತ್ತ ಬಾಯಿಬಿಟ್ಟು ಹೇಳಿ.

ಬ್ಯಾಂಕಿನ 'ನೋ ಡ್ಯೂ' ಪತ್ರ ಹಿಡಿದು ಊರಿಗೆ ಹೋದ ದಿನ ಗದಗಿನಿಂದ ಸೀದಾ ಮನೆಗೆ ಹೋಗಲಿಲ್ಲ. ಕಣಗಿನಹಾಳದಲ್ಲಿ ಇಳಿದು, ಒಂದು ಚಹಾ ಕುಡಿದು, ಮುಂದಿನ ಬಸ್ಸು ಹತ್ತಿದೆ. ಮನೆಯಲ್ಲಿ ಅಪ್ಪ ಪತ್ರವನ್ನ ಎರಡು ಸಲ ಓದಿದರು. ಆಮೇಲೆ "ಕಾರ್ಡಿನ ಸಾಲಾನೂ ಇತ್ತಂತ? ನನಗ್ಯಾಕ ಹೇಳಲಿಲ್ಲೋ?" ಅಂದರು. ಬಾಗಲಕೋಟೆ ಗೆಳೆಯ ಯಾವತ್ತೋ ಹೇಳಿಬಿಟ್ಟಿದ್ದ. ಪತ್ರ ಈಗಲೂ ಅವರ ಟ್ರಂಕಿನಲ್ಲಿ, ಹೊಲದ ಉತಾರದ ಜೊತೆಗಿದೆ.