ಪಶ್ಚಿಮದ ಎಲ್ಲೆಯೇ ಇಲ್ಲದ ಕೌಂಟಿ

ಇತಿಹಾಸದ ತರಗತಿಯಲ್ಲಿ ನಿಮ್ಮ ಕೈಯಲ್ಲಿ ಎಷ್ಟೋ ನಕಾಶೆಗಳನ್ನು ಬರೆಯಿಸಿದ್ದೇನೆ. ಗಡಿಗೆರೆ ತಪ್ಪಿದರೆ ಅಂಕ ಕಳೆದದ್ದೂ ಉಂಟು. ಆದರೆ ಆ ಗೆರೆಯನ್ನು ಮೊದಲು ಎಳೆದವರು ಯಾರು, ಯಾವ ಹಕ್ಕಿನಿಂದ ಎಳೆದರು ಎಂದು ನಾನು ನಿಮ್ಮನ್ನು ಕೇಳಿದ್ದು ಕಡಿಮೆ. ಆ ಬಾಕಿಯನ್ನು ಇಂದು ಅಮೆರಿಕದ ಒಂದು ಗ್ರಾಮೀಣ ಕೌಂಟಿಯ ಕಥೆಯಿಂದ ತೀರಿಸಬಯಸುತ್ತೇನೆ.

ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ವರ್ಜೀನಿಯವು ಬ್ರಿಟಿಷ್ ವಸಾಹತಾಗಿದ್ದ ಕಾಲ. 1738ರಲ್ಲಿ ಅಲ್ಲಿನ ಶಾಸನಸಭೆಯು ಆರೆಂಜ್ ಕೌಂಟಿಯಿಂದ ಬ್ಲೂ ರಿಜ್ ಬೆಟ್ಟಸಾಲಿನ ಆಚೆಗಿನ ನೆಲವನ್ನು ಬೇರ್ಪಡಿಸಿ ಫ್ರೆಡರಿಕ್ ಮತ್ತು ಆಗಸ್ಟ ಎಂಬ ಎರಡು ಕೌಂಟಿಗಳನ್ನು ರಚಿಸಿತು. ಇವು ಇಂಗ್ಲೆಂಡಿನ ಯುವರಾಜ ಮತ್ತು ಅವನ ಪತ್ನಿಯ ಹೆಸರುಗಳು. ಆಗಸ್ಟದ ಪೂರ್ವಕ್ಕೆ ಬೆಟ್ಟವಿತ್ತು. ಉತ್ತರಕ್ಕೆ, ಎರಡು ನದಿಗಳ ಉಗಮಸ್ಥಾನಗಳನ್ನು ಸೇರಿಸುವ ಒಂದು ಸರಳರೇಖೆ. ಪಶ್ಚಿಮಕ್ಕೆ? ವರ್ಜೀನಿಯದ ಕೊನೆಯವರೆಗೆ ಎಂದಷ್ಟೇ ಶಾಸನ ಹೇಳಿತು. ಆ ಕೊನೆಯನ್ನು ಯಾರೂ ಅಳೆದಿರಲಿಲ್ಲ. ಹೀಗಾಗಿ ಇಂದಿನ ವೆಸ್ಟ್ ವರ್ಜೀನಿಯದ ಬಹುಭಾಗವೂ ಕೆಂಟಕಿಯೂ ಓಹಾಯೊ ನದಿಯ ಆಚೆಗಿನ ವಿಶಾಲ ಪ್ರದೇಶವೂ ಕಾಗದದ ಮೇಲೆ ಆಗಸ್ಟದ ಪಾಲಾದವು.

ಕೌಂಟಿ ಹುಟ್ಟಿತೇ ಹೊರತು ನ್ಯಾಯಾಲಯ ಹುಟ್ಟಲಿಲ್ಲ. ಸಾಕಷ್ಟು ಜನ ನೆಲೆಸುವವರೆಗೆ ಕಾಯಬೇಕಾಯಿತು. ಉತ್ತರ ಐರ್ಲೆಂಡಿನಿಂದಲೂ ಜರ್ಮನ್ ನಾಡುಗಳಿಂದಲೂ ಬಂದ ವಲಸೆಗಾರರು ವ್ಯಾಜ್ಯವೆದ್ದರೆ ಬೆಟ್ಟ ಹತ್ತಿಳಿದು ಆರೆಂಜಿಗೇ ಹೋಗಬೇಕಿತ್ತು. ಏಳು ವರ್ಷಗಳ ಬಳಿಕ, 1745ರ ಡಿಸೆಂಬರ್ 9ರಂದು, ಸ್ಟ್ಯಾಂಟನ್ ಎಂಬಲ್ಲಿ ಮೊದಲ ನ್ಯಾಯಾಲಯ ಕುಳಿತಿತು. ಜೇಮ್ಸ್ ಪ್ಯಾಟನ್ ಮೊದಲ ಷೆರಿಫ್ ಆದನು.

ಆದರೆ ಆ ನೆಲ ಬರಿದಾಗಿರಲಿಲ್ಲ. ಕೌಂಟಿ ರಚನೆಯಾಗಿ ಆರು ವರ್ಷ ಕಳೆದ ಮೇಲೆ, 1744ರಲ್ಲಿ, ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್‌ನಲ್ಲಿ ಇರಾಕ್ವಾ ಒಕ್ಕೂಟದೊಡನೆ ಒಪ್ಪಂದವಾಯಿತು. ತಾವು ಬಿಟ್ಟುಕೊಟ್ಟದ್ದು ಶೆನಂಡೋವಾ ಕಣಿವೆಯನ್ನು ಮಾತ್ರವೆಂದು ಇರಾಕ್ವಾ ನಾಯಕರು ತಿಳಿದರು. ಪಶ್ಚಿಮದ ಎಲ್ಲವೂ ತಮಗೆ ಬಂತೆಂದು ವರ್ಜೀನಿಯದವರು ತಿಳಿದರು. ಓಹಾಯೊ ಸೀಮೆಯ ಷಾನೀ ಜನರ ಸಹಿ ಅದರಲ್ಲಿರಲಿಲ್ಲ. 1755ರ ಜುಲೈನಲ್ಲಿ ಷಾನೀ ಯೋಧರು ಡ್ರೇಪರ್ಸ್ ಮೆಡೋ ಎಂಬ ನೆಲೆಯ ಮೇಲೆ ಎರಗಿದರು. ಅಂದು ಸತ್ತವರಲ್ಲಿ ಆ ಪ್ಯಾಟನ್ನನೂ ಒಬ್ಬ. ಮಸಿಯ ಗೆರೆಗೆ ಬೆಲೆ ತೆತ್ತವರು ಅವನ ಕಡೆಯವರಷ್ಟೇ ಅಲ್ಲ. ಮುಂದಿನ ದಶಕಗಳಲ್ಲಿ ಷಾನೀ ಜನರು ತಮ್ಮ ನಾಡನ್ನೇ ಕಳೆದುಕೊಂಡರು.

ಜನ ಹೆಚ್ಚಿದಂತೆ ಆಗಸ್ಟ ಕುಗ್ಗಿತು. 1769ರ ಶಾಸನದಂತೆ ದಕ್ಷಿಣಭಾಗ ಬಾಟಟಾಟ್ ಕೌಂಟಿಯಾಯಿತು. ಆ ಶಾಸನದಲ್ಲಿ ನನಗೆ ತುಂಬ ಹಿಡಿಸಿದ ಒಂದು ಮಾತಿದೆ. ಮಿಸಿಸಿಪಿಯ ಕಡೆಗೆ ಹರಿಯುವ ನದಿಗಳ ದಡದವರು ನ್ಯಾಯಾಲಯಕ್ಕೆ ಬಹುದೂರದಲ್ಲಿದ್ದಾರೆ, ಬೇಗನೆ ಬೇರೆ ಕೌಂಟಿಯಾಗಬೇಕಾದವರು, ಆದ್ದರಿಂದ ಇಲ್ಲಿನ ನ್ಯಾಯಾಲಯದ ಕಟ್ಟಡಕ್ಕೆ ಅವರಿಂದ ತೆರಿಗೆ ಬೇಡ ಎಂಬುದು ಅದರ ಸಾರ. ಹಾಗೆಯೇ 1772ರಲ್ಲಿ ಫಿನ್‌ಕ್ಯಾಸಲ್ ಕೌಂಟಿ ಬಂದಿತು. 1776ರಲ್ಲಿ ಅದನ್ನೂ ರದ್ದುಪಡಿಸಿ ಮೂರು ಕೌಂಟಿಗಳನ್ನು ಮಾಡಿದರು. ಅವುಗಳಲ್ಲೊಂದಾದ ಕೆಂಟಕಿಯು 1792ರಲ್ಲಿ ರಾಜ್ಯವೇ ಆಯಿತು.

ಇಂದು ಆಗಸ್ಟದ ವಿಸ್ತಾರ ಸುಮಾರು 2,500 ಚದರ ಕಿಲೋಮೀಟರ್. ಸ್ಟ್ಯಾಂಟನ್ ಕೂಡ ಸ್ವತಂತ್ರ ನಗರವಾಗಿ ಅದರ ಆಡಳಿತದಿಂದ ಹೊರಗುಳಿದಿದೆ. ಇದನ್ನು ನಷ್ಟವೆಂದು ನಾನು ಎಣಿಸಲಾರೆ. ನಕಾಶೆಯಲ್ಲಿ ಅತಿ ದೊಡ್ಡದಾಗಿದ್ದಾಗ ಆ ಕೌಂಟಿಗೆ ಒಂದು ನ್ಯಾಯಾಲಯವೂ ಇರಲಿಲ್ಲ. ಗಡಿ ಹತ್ತಿರ ಬಂದಂತೆಲ್ಲ ನ್ಯಾಯವೂ ವಲಸಿಗನ ಮನೆಗೆ ಹತ್ತಿರ ಬಂದಿತು. ಆ ನ್ಯಾಯದಲ್ಲಿ ಷಾನೀ ಜನರಿಗೆ ಪಾಲು ಸಿಗಲಿಲ್ಲವೆಂಬುದನ್ನೂ ಮರೆಯಬಾರದು. ಇನ್ನು ಮುಂದೆ ನಿಮ್ಮ ಮಕ್ಕಳು ನಕಾಶೆ ಬರೆಯುವಾಗ ಗೆರೆ ನೇರವಾಗಿದೆಯೇ ಎಂದು ನೋಡಿ. ಜೊತೆಗೆ, ಅದರ ಎರಡೂ ಬದಿಯಲ್ಲಿ ಯಾರಿದ್ದರೆಂದೂ ಕೇಳಿ.