ಪೈಲ್ ಕ್ಯಾಪ್

ಪೈಲ್ ಕ್ಯಾಪ್ ಎಂಬುದು ನೆಲದಾಳಕ್ಕೆ ಇಳಿಸಿದ ಪೈಲ್‌ಗಳ ತಲೆಗಳನ್ನು ಒಂದುಗೂಡಿಸುವ, ಉಕ್ಕಿನ ಸರಳುಗಳನ್ನು ಒಳಗೊಂಡ ದಪ್ಪ ಕಾಂಕ್ರೀಟ್ ರಚನೆ. ಮೇಲ್ಪದರದ ಮಣ್ಣು ದುರ್ಬಲವಾಗಿರುವಲ್ಲಿ ಕಟ್ಟಡದ ಕಂಬ ಅಥವಾ ಸೇತುವೆಯ ಪಿಯರ್ ಹೊತ್ತ ಭಾರವನ್ನು ಪೈಲ್‌ಗಳಿಗೆ ಹಂಚುವುದು ಇದರ ಕಾರ್ಯ. ಬೆಂಗಳೂರಿನ ನಮ್ಮ ಮೆಟ್ರೊದ ಎತ್ತರಿಸಿದ ಮಾರ್ಗದ ಹಲವು ಪಿಯರ್‌ಗಳು ಇಂತಹ ಕ್ಯಾಪ್‌ಗಳ ಮೇಲೆ ನಿಂತಿವೆ.

ವಿನ್ಯಾಸ

ಭಾರತದಲ್ಲಿ ಪೈಲ್ ಅಡಿಪಾಯಗಳಿಗೆ ಐಎಸ್ 2911, ಕಾಂಕ್ರೀಟ್ ವಿನ್ಯಾಸಕ್ಕೆ ಐಎಸ್ 456 ಮಾನಕಗಳು ಅನ್ವಯಿಸುತ್ತವೆ. ಘರ್ಷಣೆಯಿಂದ ಭಾರ ಹೊರುವ ಪೈಲ್‌ಗಳ ಕೇಂದ್ರಗಳ ನಡುವೆ ಸಾಮಾನ್ಯವಾಗಿ ವ್ಯಾಸದ ಕನಿಷ್ಠ 3 ಪಟ್ಟು ಅಂತರವಿರುತ್ತದೆ. ಹೊರಗಿನ ಪೈಲ್‌ನ ಅಂಚಿನಿಂದ ಕ್ಯಾಪ್ 150 ಮಿ.ಮೀ. ಚಾಚಿರಬೇಕು. ಹೀಗೆ 500 ಮಿ.ಮೀ. ವ್ಯಾಸದ 4 ಪೈಲ್‌ಗಳನ್ನು ಚೌಕಾಕಾರದಲ್ಲಿ 1.5 ಮೀಟರ್ ಅಂತರದಲ್ಲಿಟ್ಟರೆ ಕ್ಯಾಪ್‌ನ ಬದಿ 2.3 ಮೀಟರ್ ಆಗುತ್ತದೆ.

ಕಂಬದ ಭಾರ 3000 ಕಿಲೋನ್ಯೂಟನ್ ಆಗಿದ್ದು ಕೇಂದ್ರದಲ್ಲಿ ಬಿದ್ದರೆ ಪ್ರತಿ ಪೈಲ್‌ಗೆ 750 ಕಿಲೋನ್ಯೂಟನ್ ಬರುತ್ತದೆ. ಗಾಳಿ ಅಥವಾ ಭೂಕಂಪ ಕಂಬವನ್ನು ಓಲಿಸುವಾಗ ಒಂದು ದಿಕ್ಕಿನಲ್ಲಿ 300 ಕಿಲೋನ್ಯೂಟನ್-ಮೀಟರ್ ಮೊಮೆಂಟ್ ಉಂಟಾದರೆ ಒಂದು ಬದಿಯ ಪೈಲ್‌ಗಳ ಮೇಲೆ ತಲಾ 850, ಇನ್ನೊಂದು ಬದಿಯವುಗಳ ಮೇಲೆ ತಲಾ 650 ಕಿಲೋನ್ಯೂಟನ್ ಬೀಳುತ್ತದೆ. ಇದರಲ್ಲಿ ಕ್ಯಾಪ್‌ನ ಸ್ವಂತ ತೂಕ ಸೇರಿಲ್ಲ. ಪೈಲ್‌ಗಳು ನಕ್ಷೆಯ ಸ್ಥಾನದಿಂದ ಸರಿದಿದ್ದರೂ ಇಂತಹುದೇ ಅಸಮತೆ ಬರುವುದರಿಂದ, ಅವುಗಳ ನಿಜಸ್ಥಾನವನ್ನು ಅಳೆದು ಲೆಕ್ಕವನ್ನು ಮರುಪರಿಶೀಲಿಸಲಾಗುತ್ತದೆ.

ಕ್ಯಾಪ್‌ನ ದಪ್ಪವನ್ನು ಹೆಚ್ಚಾಗಿ ಛೇದಕ ಬಲವೇ ನಿರ್ಧರಿಸುತ್ತದೆ. ದಪ್ಪ ಸಾಲದಿದ್ದರೆ ಕಂಬ ಅಥವಾ ಪೈಲ್ ಕ್ಯಾಪನ್ನು ತೂತುಮಾಡಿಕೊಂಡು ನುಗ್ಗಬಹುದು. ಇಂತಹ ವೈಫಲ್ಯ ಮುನ್ಸೂಚನೆ ನೀಡದೆ ಸಂಭವಿಸುತ್ತದೆ. ಬಾಗುವಿಕೆಯಿಂದ ಕೆಳಭಾಗದಲ್ಲಿ ಉಂಟಾಗುವ ಎಳೆತವನ್ನು ತಡೆಯಲು ಮುಖ್ಯ ಸರಳುಗಳನ್ನು ತಳದಲ್ಲಿ ಹಾಸುತ್ತಾರೆ.

ನಿರ್ಮಾಣ

ಕೊರೆದು ಎರಕ ಹೊಯ್ದ ಪೈಲ್‌ನ ತುದಿಯಲ್ಲಿ ಕೆಸರು ಬೆರೆತ ದುರ್ಬಲ ಕಾಂಕ್ರೀಟ್ ಸಂಗ್ರಹವಾಗುತ್ತದೆ. ಆದ್ದರಿಂದ ನಿಗದಿತ ಮಟ್ಟಕ್ಕಿಂತ ಮೇಲಕ್ಕೆ ಕಾಂಕ್ರೀಟ್ ತುಂಬಿ, ಅನಂತರ ಗಟ್ಟಿ ಭಾಗ ಸಿಗುವವರೆಗೆ ಒಡೆದು ತೆಗೆಯುತ್ತಾರೆ. ಎರಕದ 3 ದಿನಗಳ ಬಳಿಕ ಕೈಯಿಂದ, 7 ದಿನಗಳ ಬಳಿಕ ಗಾಳಿಯೊತ್ತಡದ ಯಂತ್ರದಿಂದ ಒಡೆಯಬಹುದು. ಹೊರಬಂದ ಸರಳುಗಳನ್ನು ಕತ್ತರಿಸದೆ ಕ್ಯಾಪ್‌ನೊಳಗೆ ಸಾಕಷ್ಟು ಉದ್ದಕ್ಕೆ ಸೇರಿಸಲಾಗುತ್ತದೆ. ತಳದಲ್ಲಿ ಸಾದಾ ಕಾಂಕ್ರೀಟಿನ ಹಾಸು ಹಾಕಿ, ಪೈಲ್‌ನ ತಲೆ 50 ಮಿ.ಮೀ. ಕ್ಯಾಪ್‌ನೊಳಗೆ ಇರುವಂತೆ ನೋಡಿಕೊಳ್ಳುತ್ತಾರೆ.

ದಪ್ಪ ಕ್ಯಾಪ್‌ಗಳಲ್ಲಿ ಸಿಮೆಂಟ್ ಗಟ್ಟಿಯಾಗುವಾಗ ಒಳಭಾಗ ಬಿಸಿಯಾಗಿ, ಹೊರಮೈ ಬೇಗ ತಣ್ಣಗಾಗಿ ಬಿರುಕು ಮೂಡುತ್ತದೆ. ಹಾರುಬೂದಿ ಬೆರೆಸುವುದು, ತಂಪಾದ ಮಿಶ್ರಣ ಬಳಸುವುದು ಇದಕ್ಕೆ ಪರಿಹಾರ. ಮಣ್ಣು ತುಂಬಿದ ಮೇಲೆ ಕ್ಯಾಪನ್ನು ನೋಡಲಾಗದ ಕಾರಣ, ಪೈಲ್‌ನ ತಲೆ ಹಾಗೂ ಸರಳುಗಳ ತಪಾಸಣೆ ಕಾಂಕ್ರೀಟ್ ಹಾಕುವ ಮೊದಲೇ ಮುಗಿದಿರಬೇಕು.